ಬಣ್ಣ ಆಮೇಲೆ, ಚಕ್ರ ಮೊದಲು: ಹಳೆ ಸ್ಕೂಟರನ್ನು ಘಾಟಿಗೆ ಇಳಿಸುವ ಮುನ್ನ

ಕಕ್ಕಡ ತಿಂಗಳ ಮಳೆ ಇಳಿದು, ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ಕೊಡಗಿನ ಶೆಡ್ಡುಗಳಿಂದ ಹಳೆ ಸ್ಕೂಟರ್‌ಗಳು ಹೊರಗೆ ಬರುತ್ತವೆ. ಕೋವಿ, ಕತ್ತಿಗಳ ಜೊತೆ ಗಾಡಿಗೂ ಪೂಜೆ ಆಗಬೇಕಲ್ವಾ? ತೊಳೆಯುತ್ತಾರೆ, ಪಾಲಿಶ್ ಹಾಕುತ್ತಾರೆ, ಹಾರ ಹಾಕುತ್ತಾರೆ. ಆಮೇಲೆ ಕಿಕ್ ಹೊಡೆದು ಹೊಡೆದು ಹೇಗೋ ಸ್ಟಾರ್ಟ್ ಮಾಡಿ ಕುಶಾಲನಗರದಿಂದ ನೇರ ಮಡಿಕೇರಿಗೆ ಹೊರಡುತ್ತಾರೆ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಹಿಂದಿನ ಚಕ್ರ ಕೂತಿರುತ್ತದೆ. ಅಲ್ಲಿ ಬಚಾವಾದರೆ ಮಡಿಕೇರಿ ದಾಟಿದ ಮೇಲೆ ಸಂಪಾಜೆ ಘಾಟಿಯಲ್ಲಿ ಎಂಜಿನ್ ಹಿಡಿದುಕೊಳ್ಳುತ್ತದೆ. ‘ಗಾಡಿಗೆ ವಯಸ್ಸಾಯ್ತು’ ಅಂತ ಮೂಲೆಗೆ ನಿಲ್ಲಿಸಿ ಗುಜರಿಗೆ ಕೊಡುವವರನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

1972ರಲ್ಲಿ ಬಂದ ಬಜಾಜ್ ಚೇತಕ್ ಆಗಲಿ, ಕಾನ್ಪುರದ ಎಲ್‌ಎಂಎಲ್ ವೆಸ್ಪಾ ಆಗಲಿ, ಎರಡಕ್ಕೂ ಮೂಲ ಇಟಲಿಯ ವೆಸ್ಪಾ. ಸಾಮಾನ್ಯ ಸ್ಪ್ಯಾನರ್‌ಗಳಲ್ಲಿ ಮನೆಯಂಗಳದಲ್ಲೇ ಬಿಚ್ಚಿ ಜೋಡಿಸಬಹುದಾದ ಗಾಡಿಗಳು. ಇವು ದಾರಿಯಲ್ಲಿ ಕೈಕೊಡುವುದಕ್ಕೆ ನಾನು ಜಾಸ್ತಿ ಕಂಡ ಕಾರಣ ಎರಡೇ. ಟ್ಯೂಬ್ ಸರಿಯಾಗಿ ಕೂರಿಸಿರುವುದಿಲ್ಲ, ಇಲ್ಲವೇ ಎಂಜಿನ್ನಿಗೆ ಆಯಿಲ್ ಮತ್ತು ಗಾಳಿ ಸರಿಯಾಗಿ ಸಿಗುತ್ತಿರುವುದಿಲ್ಲ. ಬಣ್ಣಕ್ಕೆ, ಕ್ರೋಮಿಗೆ ದುಡ್ಡು ಸುರಿಯುವ ಮೊದಲು ಈ ಎರಡನ್ನು ಮುಗಿಸಿ.

ಟೈರ್ ಮತ್ತು ಟ್ಯೂಬ್

ಚೇತಕ್, ಎಲ್‌ಎಂಎಲ್ ಗಾಡಿಗಳ ಟೈರ್ ಅಳತೆ 3.50-10. ಬಜಾಜ್ ಸೂಪರ್‌ನಂಥ ಹಳೆಯವಕ್ಕೆ 3.50-8. ಟೈರಿನ ಮೇಲೇ ಬರೆದಿರುತ್ತದೆ, ಓದಿಕೊಂಡು ಅಂಗಡಿಗೆ ಹೋಗಿ. ಪಕ್ಕದಲ್ಲೇ ಇನ್ನೊಂದು ನಾಲ್ಕಂಕಿಯ ಸಂಖ್ಯೆ ಹುಡುಕಿ. 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರ್. ಆರು ವರ್ಷ ದಾಟಿದ್ದರೆ ಗ್ರಿಪ್ ಎಷ್ಟೇ ಉಳಿದಿರಲಿ, ತೆಗೆದುಬಿಡಿ. ನಮ್ಮಲ್ಲಿ ಇಂಥ ಗಾಡಿಗಳು ಓಡುವುದು ಕಮ್ಮಿ, ನಿಲ್ಲುವುದು ಜಾಸ್ತಿ. ಟೈರ್ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯಲ್ಲಿ ಜಾರುತ್ತದೆ. ತೋಟದ ಗೇಟಿನ ಬಳಿ ಜೀಪಿನ ಚಕ್ರಕ್ಕೆ ಅಂಟಿ ಬಂದ ಕೆಸರಿನ ಮೇಲಂತೂ ಇನ್ನೂ ಅಪಾಯ.

ಈ ಸ್ಕೂಟರ್‌ಗಳ ರಿಮ್ ಒಂದೇ ತುಂಡಲ್ಲ. ಎರಡು ಹೋಳು, ನಡುವೆ ಟ್ಯೂಬ್, ಅದನ್ನೆಲ್ಲ ಹಿಡಿದಿಡುವ ನಟ್‌ಗಳು. ಚಕ್ರವನ್ನು ಬ್ರೇಕ್ ಡ್ರಮ್ಮಿಗೆ ಕಟ್ಟುವ ನಟ್‌ಗಳು ಬೇರೆ, ಎರಡು ಹೋಳನ್ನು ಒಂದಕ್ಕೊಂದು ಕಟ್ಟುವ ನಟ್‌ಗಳು ಬೇರೆ. ಟೈರಿನಲ್ಲಿ ಗಾಳಿ ಇರುವಾಗ ಹೋಳಿನ ನಟ್ ಬಿಚ್ಚಿದರೆ ಒಳಗಿನ ಒತ್ತಡಕ್ಕೆ ರಿಮ್ ಸಿಡಿದು ಬೇರೆಯಾಗುತ್ತದೆ. ಬೆರಳು, ಮುಖ ಯಾವುದಕ್ಕೂ ಉಳಿಗಾಲವಿಲ್ಲ. ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲು ಪೂರ್ತಿ ಗಾಳಿ ಬಿಡಿ. ಬರೀ ಒತ್ತಿ ಬಿಟ್ಟರೆ ಸಾಲದು, ವಾಲ್ವ್ ಒಳಗಿನ ಪಿನ್ನನ್ನೇ ಬಿಚ್ಚಿ ಪಕ್ಕಕ್ಕಿಡಿ.

ಡ್ರಮ್ಮಿನ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಗಾಡಿಯ ಅಡಿಗೆ ಮರದ ತುಂಡು ಕೊಟ್ಟು ಚಕ್ರ ತೆಗೆಯಿರಿ.

ಮಳೆಗಾಲ ಕಳೆದ ಟೈರ್ ರಿಮ್ಮಿಗೆ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಾರೆ ಹಾಕಿ ಮೀಟಬೇಡಿ, ರಿಮ್ಮಿನ ಅಂಚು ಬಗ್ಗುತ್ತದೆ. ಸೋಪಿನ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಟೈರಿನ ಅಂಚನ್ನು ಕಾಲಿನಿಂದ ತುಳಿಯುತ್ತಾ ಸುತ್ತ ಬನ್ನಿ. ಬಿಡುತ್ತದೆ. ಈಗ ಹೋಳಿನ ನಟ್ ಬಿಚ್ಚಿ ಎರಡನ್ನೂ ಬೇರೆ ಮಾಡಿ.

ಒಳಗಡೆ ನೋಡಿ. ಪಂಚರ್ ಆದದ್ದು ಮೊಳೆಯಿಂದಲ್ಲ, ಈ ತುಕ್ಕಿನಿಂದ ಅಂತ ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ. ತುಕ್ಕಿನ ಚಕ್ಕೆ ಟ್ಯೂಬನ್ನು ದಿನವೂ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ವೈರ್ ಬ್ರಷ್, ಎಮರಿ ಪೇಪರ್ ಹಿಡಿದು ಲೋಹ ಕಾಣುವ ತನಕ ಉಜ್ಜಿ. ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಪೇಂಟ್ ಹೊಡೆದು, ಪೂರ್ತಿ ಒಣಗಲು ಬಿಡಿ. ಮಡಿಕೇರಿಯ ಚಳಿಗೆ ಒಂದು ದಿನ ಸಾಕಾಗುವುದಿಲ್ಲ. ಹಸಿ ಪೇಂಟಿಗೆ ಟ್ಯೂಬ್ ಅಂಟಿಕೊಂಡರೆ ಮುಂದಿನ ಸಲ ಹರಿದೇ ಬರುತ್ತದೆ. ರಿಮ್ ತಿಂದುಹೋಗಿ ತೆಳುವಾಗಿದ್ದರೆ, ನಟ್ ಕೂರುವ ತೂತು ಅಗಲವಾಗಿದ್ದರೆ, ವೆಲ್ಡಿಂಗ್ ಮಾಡಿಸಬೇಡಿ. ಹೊಸ ರಿಮ್ ಹಾಕಿ.

ಈಗ ಎಲ್ಲರೂ ಎಡವುವ ಜಾಗ. ಟೈರ್ ಹೊಸದಾಗಿದ್ದರೆ ಟ್ಯೂಬೂ ಹೊಸದೇ ಇರಲಿ. ಹಳೆ ಟ್ಯೂಬ್ ಉಬ್ಬಿ ದೊಡ್ಡದಾಗಿರುತ್ತದೆ, ಹೊಸ ಟೈರಿನೊಳಗೆ ಮಡಿಚಿಕೊಳ್ಳುತ್ತದೆ. ಟೈರಿನ ಒಳಗೆ ಬಟ್ಟೆಯಲ್ಲಿ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ. ಟ್ಯೂಬಿಗೆ ದುಂಡಗಿನ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಟೈರಿನೊಳಗೆ ಇಡಿ. ಗಾಳಿಯೇ ಇಲ್ಲದ ಚಪ್ಪಟೆ ಟ್ಯೂಬ್ ಇಟ್ಟರೆ ಅದು ಎರಡು ಹೋಳಿನ ನಡುವೆ ಜಾರಿ ಸಿಕ್ಕಿಹಾಕಿಕೊಳ್ಳುತ್ತದೆ.

ವಾಲ್ವ್ ತೂತು ಇರುವ ಹೋಳನ್ನು ಮೊದಲು ಕೂರಿಸಿ. ವಾಲ್ವ್ ನೆಟ್ಟಗೆ ನಿಲ್ಲಬೇಕು. ಆಮೇಲೆ ಇನ್ನೊಂದು ಹೋಳು ಮೇಲಿಂದ ಇಡಿ. ಪೂರ್ತಿ ಒತ್ತುವ ಮೊದಲು ಸಂದಿಯಲ್ಲಿ ಸುತ್ತಲೂ ಇಣುಕಿ ನೋಡಿ. ಟ್ಯೂಬ್ ಎಲ್ಲಾದರೂ ಇಣುಕುತ್ತಿದ್ದರೆ ಬೆರಳಿನಿಂದ ಒಳಗೆ ತಳ್ಳಿ. ಸ್ಕ್ರೂ ಡ್ರೈವರ್ ಬೇಡವೇ ಬೇಡ. ಕೈಯಿಂದ ಒತ್ತಿದರೆ ಎರಡು ಹೋಳು ಹತ್ತಿರ ಹತ್ತಿರ ಬರಬೇಕು. ಸ್ಪ್ರಿಂಗ್ ವಾಷರ್ ಹಾಕಿ ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ. ಆಮೇಲೆ ಸ್ಪ್ಯಾನರಿನಲ್ಲಿ ಒಂದು ನಟ್, ಅದರ ಎದುರಿನ ನಟ್, ಹೀಗೆ ಸ್ವಲ್ಪ ಸ್ವಲ್ಪವೇ ಬಿಗಿಯಾಗಲಿ. ಒಂದೇ ಕಡೆ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಬಾಯಿ ತೆರೆದು ಟ್ಯೂಬ್ ಹೊರಗೆ ನುಗ್ಗುತ್ತದೆ.

ಎರಡು ಹೋಳು ಲೋಹಕ್ಕೆ ಲೋಹ ತಾಗಬೇಕು. ಕೂದಲೆಳೆಯಷ್ಟು ಸಂದಿ ಉಳಿದರೂ ಒಳಗೆ ಟ್ಯೂಬ್ ಸಿಕ್ಕಿದೆ ಅಂತಲೇ ಅರ್ಥ. ಆಗ ಜೋರಾಗಿ ಬಿಗಿಯಬೇಡಿ. ಬಿಚ್ಚಿ ಮತ್ತೆ ಮೊದಲಿನಿಂದ ಮಾಡಿ. ಇಲ್ಲಿ ಆತುರ ಮಾಡಿದವರೇ ಹತ್ತು ಕಿಲೋಮೀಟರ್ ಹೋಗಿ ಚಕ್ರ ತಳ್ಳಿಕೊಂಡು ಬರುವವರು.

ಸ್ವಲ್ಪ ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿ. ಮಡಿಚಿಕೊಂಡ ಟ್ಯೂಬ್ ಇದರಿಂದ ಬಿಡಿಸಿಕೊಳ್ಳುತ್ತದೆ. ಮುಂದೆ 18 ಪೌಂಡ್. ಹಿಂದೆ ಒಬ್ಬರೇ ಆದರೆ 25, ಇಬ್ಬರಾದರೆ 36. ಬಂಕಿನಲ್ಲಿ ಎರಡೂ ಚಕ್ರಕ್ಕೆ ಒಂದೇ ಅಳತೆ ತುಂಬಲು ಬಂದರೆ ಬೇಡ ಅನ್ನಿ. ಮುಂದಿನ ಚಕ್ರ ಕಲ್ಲಿನ ಹಾಗೆ ಗಟ್ಟಿಯಾದರೆ ಒದ್ದೆ ತಿರುವಿನಲ್ಲಿ ನೆಲ ಹಿಡಿಯುವುದಿಲ್ಲ. ಗಾಳಿ ತೀರಾ ಕಮ್ಮಿಯಾದರೆ ಟೈರ್ ರಿಮ್ಮಿನ ಮೇಲೆ ಜಾರುತ್ತಾ ಟ್ಯೂಬನ್ನು ಎಳೆದುಕೊಂಡು ಹೋಗುತ್ತದೆ, ವಾಲ್ವ್ ಬುಡದಲ್ಲಿ ಕಿತ್ತುಬರುತ್ತದೆ. ವಾಲ್ವ್ ಓರೆಯಾಗಿ ಕಂಡರೆ ಅದು ಮುನ್ಸೂಚನೆ. ಐವತ್ತು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ.

ಪಂಚರ್ ಆಗದ ಹಾಗೆ ಟ್ಯೂಬಿಗೆ ಸುರಿಯುವ ಅಂಟು ದ್ರವ ಬೇಡ. ಹೊಲಸಾದ ಟ್ಯೂಬಿಗೆ ಆಮೇಲೆ ಪ್ಯಾಚ್ ಕೂರುವುದಿಲ್ಲ, ವಾಲ್ವ್ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಸ್ಟೆಪ್ನಿಯನ್ನು ಇದೇ ಕ್ರಮದಲ್ಲಿ ಬಿಚ್ಚಿ ಜೋಡಿಸಿ ಇಡಿ. ಮುಂದಕ್ಕೂ ಹಿಂದಕ್ಕೂ ಒಂದೇ ಚಕ್ರ ಆಗುತ್ತದೆ, ಇದಕ್ಕಿಂತ ಒಳ್ಳೆಯ ವಿಮೆ ಬೇಕಾ?

ಎಂಜಿನ್

ಮಳೆಗಾಲಕ್ಕೆ ಮೊದಲು ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಚೆಲ್ಲಿಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮ ಜೂನ್, ಜುಲೈನ ತೇವ ಗೊತ್ತೇ ಇದೆ. ಹಳೆ ರಬ್ಬರ್ ಪೈಪೂ ಇದರಿಂದ ಹಾಳಾಗುತ್ತದೆ, ಬದಲಾಯಿಸಿ.

ಇವು ಟೂ ಸ್ಟ್ರೋಕ್ ಎಂಜಿನ್‌ಗಳು, ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರ್ ಪೆಟ್ರೋಲಿಗೆ 20 ಎಂ.ಎಲ್. 2ಟಿ (ಟೂ ಸ್ಟ್ರೋಕ್) ಆಯಿಲ್. ಐದು ಲೀಟರಿಗೆ 100. ಇದು ಶೇ 2ರ ಲೆಕ್ಕದ ಗಾಡಿಗಳಿಗೆ. ಇನ್ನೂ ಹಳೆಯವು ಜಾಸ್ತಿ ಕೇಳುತ್ತವೆ, ಗಾಡಿಯ ಜೊತೆ ಬಂದ ಪುಸ್ತಕ ನೋಡಿ. ಆಯಿಲ್ ಮೊದಲು, ಪೆಟ್ರೋಲ್ ಆಮೇಲೆ, ನಂತರ ಗಾಡಿ ಅಲ್ಲಾಡಿಸಿ. ಬೈಕಿಗೆ ಹಾಕಿ ಉಳಿದ ಫೋರ್ ಸ್ಟ್ರೋಕ್ ಆಯಿಲ್ ಸುರಿಯುವುದು ತಪ್ಪು. ‘ಇರಲಿ’ ಅಂತ 2ಟಿಯನ್ನೇ ಎರಡು ಪಾಲು ಹಾಕುವುದೂ ತಪ್ಪು, ಪ್ಲಗ್ ಕರಿಹಿಡಿದು ನಿಲ್ಲುತ್ತದೆ. ಗೇರ್ ಬಾಕ್ಸಿಗೆ ಎಸ್‌ಎಇ 30 ಆಯಿಲ್ 250 ಎಂ.ಎಲ್., ಎಂಜಿನ್ ಬಿಸಿ ಇರುವಾಗ ಹಳೆಯದನ್ನು ಇಳಿಸಿ.

ಪ್ಲಗ್ಗಿನ ಸಂದಿ 0.6 ಮಿ.ಮೀ. ತುದಿ ತಿಳಿ ಕಂದಾಗಿದ್ದರೆ ಸರಿ. ಕಪ್ಪಾಗಿ ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಬಿಳಿಯಾಗಿದ್ದರೆ ಗಾಡಿ ಓಡಿಸಬೇಡಿ. ಪೆಟ್ರೋಲ್ ಕಮ್ಮಿಯಾಗಿ ಎಂಜಿನ್ ಸುಡುತ್ತಿದೆ, ಎಲ್ಲೋ ಗಾಳಿ ನುಗ್ಗುತ್ತಿದೆ. ಪಾಯಿಂಟ್ (ಪ್ಲಗ್ಗಿನ ಕಿಡಿಗೆ ಕರೆಂಟು ಕಡಿದು ಕೊಡುವ ಭಾಗ) ಇರುವ ಗಾಡಿಯಾದರೆ ಅದರ ಸಂದಿ 0.3ರಿಂದ 0.5 ಮಿ.ಮೀ. ಕಾರ್ಬುರೇಟರಿನ ಹಿಂದಿನ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಎಂಜಿನ್ ಬಿಸಿಯಾದ ಮೇಲೆ ಅಲ್ಲಿಂದ ಹಿಂದೆ ಮುಂದೆ ಮಾಡಿ ಹೊಂದಿಸಿ. ಸೌಂಡಿಗಾಗಿ ಏರ್ ಫಿಲ್ಟರ್ ತೆಗೆಯುವವರು ಪಿಸ್ಟನ್ನಿಗೆ ದುಡ್ಡು ತೆಗೆದಿಡಬೇಕಾಗುತ್ತದೆ.

ಫ್ಯಾನ್ ಕವರ್ ಬಿಚ್ಚಿ ನೋಡಲು ಯಾರಿಗೂ ನೆನಪಾಗುವುದಿಲ್ಲ. ಈ ಎಂಜಿನ್ ತಣ್ಣಗಾಗುವುದೇ ಒಳಗಿನ ಫ್ಯಾನ್ ಬೀಸುವ ಗಾಳಿಯಿಂದ. ನಿಂತ ಗಾಡಿಯ ಸಿಲಿಂಡರ್ ಪಟ್ಟಿಗಳ ನಡುವೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ, ತರಗೆಲೆ ತುಂಬಿರುತ್ತದೆ. ಎಲ್ಲ ಬಿಡಿಸಿ. ತಗಡಿನ ಕವರ್ ವಾಪಸ್ ಹಾಕುವುದನ್ನು ಮರೆಯಬೇಡಿ, ಅದಿಲ್ಲದಿದ್ದರೆ ಗಾಳಿ ಸಿಲಿಂಡರ್ ಕಡೆ ಹೋಗುವುದಿಲ್ಲ.

ಘಾಟಿ

ಹತ್ತುವಾಗ ಗೇರ್ ಇಳಿಸಲು ಹಿಂಜರಿಯಬೇಡಿ. ಮೂರನೇ ಗೇರಿನಲ್ಲಿ ಎಂಜಿನ್ ನರಳುತ್ತಿದ್ದರೂ ಪೂರ್ತಿ ಆಕ್ಸಿಲರೇಟರ್ ಕೊಡುವುದು ಕೆಟ್ಟ ಅಭ್ಯಾಸ. ಎರಡಕ್ಕೆ ಇಳಿಸಿ.

ಇಳಿಯುವಾಗ ಬರುವ ಅಪಾಯ ಹಲವರಿಗೆ ಗೊತ್ತಿಲ್ಲ. ಈ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಮಡಿಕೇರಿಯಿಂದ ಸಂಪಾಜೆಗೆ, ಇಲ್ಲವೇ ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಗೇರಿನಲ್ಲೇ ಆಕ್ಸಿಲರೇಟರ್ ಮುಚ್ಚಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಆಯಿಲ್ ಮಾತ್ರ ಹೋಗುವುದಿಲ್ಲ. ಹತ್ತಿಪ್ಪತ್ತು ಸೆಕೆಂಡಿಗೊಮ್ಮೆ ಆಕ್ಸಿಲರೇಟರ್ ಸ್ವಲ್ಪ ತೆರೆದು ಮುಚ್ಚಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಇಳಿಯುವವರೂ ಇದ್ದಾರೆ. ಬಿಸಿಯಾದ ಡ್ರಮ್ ಬ್ರೇಕ್ ಹಿಡಿಯದೆ ಹೋದರೆ ಆಗ ಕೈಯಲ್ಲಿ ಏನೂ ಇರುವುದಿಲ್ಲ. ದಯವಿಟ್ಟು ಬೇಡ.

ಎಂಜಿನ್ ಸದ್ದು ಬದಲಾಗಿ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾದರೆ ತಕ್ಷಣ ಕ್ಲಚ್ ಹಿಡಿಯಿರಿ. ಯೋಚನೆ ಆಮೇಲೆ. ಇಲ್ಲದಿದ್ದರೆ ಹಿಂದಿನ ಚಕ್ರವೇ ಲಾಕ್ ಆಗುತ್ತದೆ. ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಕಿಕ್ಕರ್ ಮುಟ್ಟಬೇಡಿ, ನೀರು ಸುರಿಯಬೇಡಿ. ತಣ್ಣಗಾದ ಮೇಲೆ ಕಿಕ್ಕರ್ ಹಗುರವಾಗಿ ಇಳಿದರೆ ನಿಧಾನವಾಗಿ ಮನೆಗೆ ಹೋಗಿ, ಮರುದಿನವೇ ಸಿಲಿಂಡರ್ ಬಿಚ್ಚಿಸಿ ಪಿಸ್ಟನ್ ನೋಡಿ.

ಡಿಕ್ಕಿಯಲ್ಲಿ ಒಂದು ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಗೇರ್ ಕೇಬಲ್, ಸಣ್ಣ ಬಾಟಲಿಯಲ್ಲಿ 2ಟಿ ಆಯಿಲ್ ಇರಲಿ. ನಮ್ಮ ಕೊಡಗಿನ ಕೆಎ-12 ನಂಬರಿನ ಗಾಡಿ 15 ವರ್ಷ ದಾಟಿದ್ದರೆ ಆರ್‌ಸಿ ನವೀಕರಣ ಆಗಿದೆಯಾ ಅಂತ ನೋಡಿಕೊಳ್ಳಿ. ಒಮ್ಮೆ ಮಾಡಿಸಿದರೆ ಐದು ವರ್ಷ ನಡೆಯುತ್ತದೆ.