ಕೈರೋದ ಅರವಟ್ಟಿಗೆಯಿಂದ ಆರಂಭವಾಗುವ ವಿನ್ಯಾಸದ ಪಾಠ

ಅರಬ್ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಸಾಮಾಜಿಕ ಹೊಣೆಯರಿತ ವಿನ್ಯಾಸವನ್ನು ಕಲಿಸಲು ಹೊರಟ ಅಧ್ಯಾಪಕರು ಮೊದಲ ತರಗತಿಯಲ್ಲೇ ಯುರೋಪಿನ ಮಾದರಿಗಳನ್ನು ತೋರಿಸಿದರೆ, ಜನೋಪಯೋಗಿ ವಿನ್ಯಾಸವೆಂಬುದು ಹೊರಗಿನಿಂದ ಬಂದ ಸರಕೆಂದೇ ವಿದ್ಯಾರ್ಥಿಗಳು ಭಾವಿಸುತ್ತಾರೆ. ಕೈರೋದಲ್ಲಿ ಕಲಿಸುವವರು ಅವರನ್ನು ಹಳೆಯ ನಗರದ ಮುಯಿಜ್ ಬೀದಿಗೆ ಕರೆದೊಯ್ಯುವುದು ಲೇಸು. ಒಟ್ಟೊಮನ್ ಕಾಲದ ಅಧಿಕಾರಿ ಅಬ್ದುಲ್ ರಹಮಾನ್ ಕತ್‌ಖುದಾ 1744ರಲ್ಲಿ ಕಟ್ಟಿಸಿದ ಸಬೀಲ್, ಅಂದರೆ ದಾನದ ನೀರಿನ ಮನೆ, ಅಲ್ಲಿದೆ: ಕೆಳಗೆ ಜಾಲರಿ ಕಿಟಕಿಯ ಮೂಲಕ ದಾರಿಹೋಕರಿಗೆ ನೀರು, ಮೇಲೆ ಮಕ್ಕಳಿಗೆ ಓದು. ನಮ್ಮ ಅರವಟ್ಟಿಗೆಗೆ ಕಲ್ಲಿನ ಕಟ್ಟಡವೊಂದನ್ನು ಕಟ್ಟಿದಂತೆ ಎನ್ನಬಹುದು. ಇಂಥವುಗಳ ಖರ್ಚು ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿತ್ತೆಂಬುದನ್ನು ಹೇಳಲು ಮರೆಯಬಾರದು, ಏಕೆಂದರೆ ಮುಂದಿನ ಅಭ್ಯಾಸವೆಲ್ಲ ಆ ಖರ್ಚಿನ ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಸಬೀಲಿನ ಇಂದಿನ ರೂಪವೆಂದರೆ ಬೀದಿ ಬದಿಯ, ಕುಡಿಯುವ ನೀರಿನ ವಿದ್ಯುತ್ ಕೂಲರ್. ಅಲ್ಲಿನವರ ಬಾಯಲ್ಲಿ ಅದು ‘ಕೋಲ್ದೇರ್’; ತೀರಿಕೊಂಡವರಿಗೆ ನಿರಂತರ ಪುಣ್ಯ ಸಲ್ಲಲೆಂದು, ಸದಕಾ ಜಾರಿಯಾ ಆಗಿ, ಮನೆಯವರು ಅದನ್ನು ಇಡಿಸುತ್ತಾರೆ. ಅಂಥ ಒಂದು ಕೂಲರನ್ನು ಆರಿಸಿಕೊಂಡು ಒಂದು ವಾರ ಗಮನಿಸಲು ಹೇಳಿ, ಆ ವಾರ ಒಂದು ಗೆರೆಯನ್ನೂ ಎಳೆಯಗೊಡಬೇಡಿ. ಆರು ವರ್ಷದ ಮಗುವಿಗೆ ನಲ್ಲಿ ಎಟಕುತ್ತದೆಯೇ, ಎಲ್ಲರೂ ಬಾಯಿಗಿಡುವ ಒಂದೇ ಲೋಟವನ್ನು ತೊಳೆಯುವವರಿದ್ದಾರೆಯೇ, ಚೆಲ್ಲಿದ ನೀರು ಯಾರ ಹೊಸ್ತಿಲಿಗೆ ಹರಿಯುತ್ತದೆ, ಫಿಲ್ಟರ್ ಬದಲಿಸುವುದು ಯಾರ ಕೆಲಸ, ವಿದ್ಯುತ್ ಬಿಲ್ಲನ್ನು ಪಕ್ಕದ ಅಂಗಡಿಯವನು ತುಂಬುತ್ತಿದ್ದಾನೆಯೇ ಎಂಬುದೆಲ್ಲ ಟಿಪ್ಪಣಿಗೆ ಬರಲಿ. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಟಿಪ್ಪಣಿಗಳು ಜನರ ಆಡುಮಾತಿನ ಅರಬಿಯಲ್ಲೇ ಇರಬೇಕು. ಅನುವಾದದಲ್ಲಿ ಮೊದಲು ಉದುರಿಹೋಗುವುದು ದೂರುಗಳೇ. ಫೋಟೋ ತೆಗೆಯುವ ಮುನ್ನ ಒಪ್ಪಿಗೆ ಕೇಳುವುದನ್ನೂ, ಹೆಂಗಸರೊಡನೆ ಮಾತಾಡಲು ವಿದ್ಯಾರ್ಥಿನಿಯರನ್ನು ಕಳಿಸುವುದನ್ನೂ ಮೊದಲೇ ಗೊತ್ತುಮಾಡಿ.

ಎರಡನೆಯ ಹಂತದಲ್ಲಿ ಹೊಸ ಗುರ್ನಾದ ಕಥೆಯನ್ನು ಮುಂದಿಡಬೇಕು. ದಕ್ಷಿಣ ಈಜಿಪ್ಟಿನ ಲಕ್ಸಾರ್ ಬಳಿ ಪ್ರಾಚೀನ ಸಮಾಧಿಗಳ ಮೇಲೆ ನೆಲೆಸಿದ್ದ ಹಳ್ಳಿಗರಿಗಾಗಿ ವಾಸ್ತುಶಿಲ್ಪಿ ಹಸನ್ ಫತ್ಹಿ 1940ರ ದಶಕದಲ್ಲಿ ಹಸಿ ಇಟ್ಟಿಗೆಯ ಕಮಾನು, ಗುಮ್ಮಟಗಳ ಊರನ್ನು ರೂಪಿಸಿದರು. ಅಗ್ಗದ ಸ್ಥಳೀಯ ಮಣ್ಣು, ನೂಬಿಯಾದ ಕುಶಲಿಗಳ ತಂತ್ರ, ಸೆಕೆಗೆ ತಕ್ಕ ಅಂಗಳ, ಎಲ್ಲವೂ ಇತ್ತು. ಆದರೂ ಬಹುಪಾಲು ಜನ ಹಳೆಯ ಊರನ್ನು ಬಿಡಲೊಪ್ಪಲಿಲ್ಲ, ಏಕೆಂದರೆ ಅವರ ಜೀವನೋಪಾಯ ಆ ಸಮಾಧಿಗಳ ಸುತ್ತಲೇ ಇತ್ತು. ಅಲ್ಲಿಂದ ಎಬ್ಬಿಸುವ ತೀರ್ಮಾನವೂ ಅವರದಾಗಿರಲಿಲ್ಲ. ಫತ್ಹಿಯವರನ್ನು ಹಳಿಯಲು ಈ ಕಥೆಯನ್ನು ಬಳಸಬೇಡಿ. ಅವರ ಕೆಲಸ ನಿಜಕ್ಕೂ ದೊಡ್ಡದು. ಅಲ್ಲಿ ಯಾರನ್ನು, ಯಾವಾಗ, ಏನೆಂದು ಕೇಳಬೇಕಿತ್ತೆಂಬ ಪಟ್ಟಿಯನ್ನು ವಿದ್ಯಾರ್ಥಿಗಳೇ ಬರೆದು, ಅದೇ ಪಟ್ಟಿಯೊಡನೆ ತಮ್ಮ ಕೂಲರಿನ ಬಳಿಗೆ ಮರಳಲಿ.

ಆಮೇಲೆ ಅವರು ರೂಪಿಸುವ ಸುಧಾರಿತ ಕೂಲರಿನ ಮಾದರಿಯನ್ನು ರಟ್ಟಿನಲ್ಲಿ ಮಾಡಿದರೂ ಸಾಕು. ಮೌಲ್ಯಮಾಪನದ ದಿನ ಅಂಗಡಿಯವನನ್ನೂ ಕೂಲರ್ ಇಡಿಸಿದ ಮನೆಯವರನ್ನೂ ಕರೆಸಿ, ಚಹಾ ಕೊಟ್ಟು, ಮೊದಲ ಮಾತನ್ನು ಅವರಿಗೇ ಬಿಡಿ. ಅರ್ಧದಷ್ಟು ಅಂಕಗಳನ್ನು ನಿರ್ವಹಣೆಗೆಂದೇ ತೆಗೆದಿಟ್ಟು, ಎರಡನೆಯ ವರ್ಷದ ಫಿಲ್ಟರಿನ ಹಣ ಯಾರ ಜೇಬಿನಿಂದ ಬರುತ್ತದೆಂದು ಹೇಳಲಾಗದ ತಂಡಕ್ಕೆ, ಅದರ ನಕ್ಷೆ ಎಷ್ಟೇ ಚೆಂದವಿರಲಿ, ಅವನ್ನು ಕೊಡಬೇಡಿ.