ಮೊದಲು ಲೈನ್, ಆಮೇಲೆ ಸ್ಥಾವರ: ನವೀಕರಿಸಬಹುದಾದ ಇಂಧನ ವಲಯ ಯೋಜಿಸುವ ಬಗೆ

ಸೌರ ಸ್ಥಾವರವನ್ನು ಒಂದೆರಡು ವರ್ಷದಲ್ಲಿ ಕಟ್ಟಿ ಮುಗಿಸಬಹುದು. ಅದರ ವಿದ್ಯುತ್ ಹೊತ್ತೊಯ್ಯುವ ಹೈಟೆನ್ಷನ್ ಲೈನಿಗೆ ಐದರಿಂದ ಹತ್ತು ವರ್ಷ ಹಿಡಿಯುತ್ತದೆ. ಲೈನ್ ಇಲ್ಲವೆಂದು ಬ್ಯಾಂಕು ಸ್ಥಾವರಕ್ಕೆ ಸಾಲ ಕೊಡುವುದಿಲ್ಲ. ಸ್ಥಾವರ ಇಲ್ಲವೆಂದು ವಿದ್ಯುತ್ ನಿಯಂತ್ರಣ ಆಯೋಗ ಲೈನಿಗೆ ಒಪ್ಪಿಗೆ ಕೊಡುವುದಿಲ್ಲ. ವಲಯವೆಂದರೆ ಬಿಸಿಲು, ಗಾಳಿ ಚೆನ್ನಾಗಿದ್ದು ಸ್ಥಾವರಗಳಿಗೆ ಗುರುತಿಸಿದ ಸೀಮೆ. ವಲಯ ಯೋಜನೆ ಇರುವುದು ಈ ಕಗ್ಗಂಟು ಬಿಡಿಸಲಿಕ್ಕೆ: ಸ್ಥಾವರಗಳು ಎಲ್ಲಿ ಬರುತ್ತವೆಂದು ಖಚಿತಪಡಿಸಿಕೊಂಡು, ಅವು ಬರುವ ಮುನ್ನವೇ ಲೈನ್ ಎಳೆಯುವುದು.

ಅಮೆರಿಕದ ಟೆಕ್ಸಾಸ್ ಇದನ್ನು ಮಾಡಿ ತೋರಿಸಿತು. 2005ರಲ್ಲಿ ಕಾನೂನು, 2008ರಲ್ಲಿ ಐದು ವಲಯಗಳ ಲೈನ್ ಯೋಜನೆಗೆ ಒಪ್ಪಿಗೆ, 2014ರ ಆರಂಭದ ಹೊತ್ತಿಗೆ ಸುಮಾರು 5,800 ಕಿ.ಮೀ. ಉದ್ದದ 345 ಕೆವಿ ಜಾಲ. ಒಟ್ಟು 18,500 ಮೆಗಾವ್ಯಾಟ್ ಪವನ ವಿದ್ಯುತ್ತಿಗೆ ದಾರಿ. ಆದರೆ ಸುಮಾರು 490 ಕೋಟಿ ಡಾಲರ್ ಎಂದಿದ್ದ ಅಂದಾಜು 690 ಕೋಟಿಯ ಆಸುಪಾಸಿಗೆ ಏರಿತು. ಅಂದಾಜಿನಲ್ಲಿ ನಕ್ಷೆಯ ಮೇಲೆ ನೇರ ಗೆರೆ ಎಳೆದಿದ್ದರು. ನೆಲದ ಮೇಲೆ ಲೈನ್ ಬಳಸಿಕೊಂಡು ಹೋಯಿತು. ಹಾಗಾಗಿ ಮಾರ್ಗದ ಉದ್ದವನ್ನು ಯಾವತ್ತೂ ನೇರ ಗೆರೆಯಲ್ಲಿ ಅಳೆಯಬೇಡಿ.

ಕೆಲಸ ಶುರುವಾಗುವುದು ಬಿಸಿಲು, ಗಾಳಿಯ ನಕ್ಷೆಯಿಂದ. ಗಾಳಿಯ ವಿಷಯದಲ್ಲಿ ನಕ್ಷೆಯನ್ನಷ್ಟೇ ನಂಬುವಂತಿಲ್ಲ, ಏಕೆಂದರೆ ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ನಕ್ಷೆ ಸೆಕೆಂಡಿಗೆ 8 ಮೀಟರ್ ಎಂದ ಕಡೆ ನಿಜಕ್ಕೂ 7.2 ಇದ್ದರೆ ಶಕ್ತಿ ಶೇ. 27ರಷ್ಟು ಕಡಿಮೆ. ಟರ್ಬೈನಿನ ಎತ್ತರದಲ್ಲೇ ಕನಿಷ್ಠ ಒಂದು ವರ್ಷ, ಎಲ್ಲ ಋತುಗಳೂ ಸೇರುವಂತೆ, ಅಳತೆ ಮಾಡಿಸಿ.

ಆಮೇಲೆ ಜಮೀನು ಕಳೆಯುತ್ತ ಬನ್ನಿ. ಉದಾಹರಣೆಗೆ 600 ಚದರ ಕಿ.ಮೀ. ಪ್ರದೇಶ ತೆಗೆದುಕೊಳ್ಳಿ. ಅರಣ್ಯ, ಕೆರೆ, ಊರು, ನೀರಾವರಿ ಹೊಲ, ಶೇ. 5ಕ್ಕಿಂತ ಹೆಚ್ಚು ಇಳಿಜಾರು ಎಲ್ಲ ಬಿಟ್ಟರೆ 240 ಉಳಿಯಿತು ಎನ್ನೋಣ. ಅದರಲ್ಲೂ ನಿಜವಾಗಿ ಗುತ್ತಿಗೆಗೆ ಸಿಗುವುದು ಕಾಲು ಭಾಗವೆಂದೇ ಇಟ್ಟುಕೊಳ್ಳಿ: 60 ಚದರ ಕಿ.ಮೀ. ಒಂದು ಮೆಗಾವ್ಯಾಟ್ ಸೌರ ವಿದ್ಯುತ್ತಿಗೆ ಸುಮಾರು 2 ಹೆಕ್ಟೇರ್ ಲೆಕ್ಕದಲ್ಲಿ 3,000 ಮೆಗಾವ್ಯಾಟ್. ಇಲ್ಲಿ ಪದೇಪದೇ ಆಗುವ ತಪ್ಪೊಂದಿದೆ. ಉಪಗ್ರಹ ಚಿತ್ರದಲ್ಲಿ 'ಬೀಳು' ಎಂದು ಕಾಣುವ ನೆಲದಲ್ಲಿ ಬಹಳಷ್ಟು ನಿಜವಾಗಿ ಹುಲ್ಲುಗಾವಲು. ಅಲ್ಲಿ ಕುರಿ ದನ ಮೇಯುತ್ತವೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿರುತ್ತವೆ. ಮೇಯಿಸುವವರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಅವರನ್ನು ಕೇಳಲು ನೆಲಕ್ಕೇ ಹೋಗಬೇಕು. ಮೊದಲೇ ಕೇಳದೆ ಹೋದರೆ ಅನ್ಯಾಯವೂ ಹೌದು, ಟವರ್ ಕೆಲಸ ಅರ್ಧದಲ್ಲಿ ನಿಲ್ಲುವುದೂ ಖಂಡಿತ.

ಯಾವ ವಲಯಕ್ಕೆ ಲೈನ್ ಎಂದು ತೀರ್ಮಾನಿಸುವ ಮುನ್ನ ಕಂಪನಿಗಳ ಬಾಯಿಮಾತನ್ನು ಲೆಕ್ಕಕ್ಕೆ ತಗೋಬೇಡಿ. ಸಹಿಯಾದ ಗುತ್ತಿಗೆ ಪತ್ರ, ಅಳತೆಯ ದಾಖಲೆ, ಪ್ರತಿ ಮೆಗಾವ್ಯಾಟಿಗೆ ಇಷ್ಟೆಂದು ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಿ. ಒಂದೇ ಸರ್ವೆ ನಂಬರನ್ನು ಇಬ್ಬರು ತೋರಿಸಿದ್ದಾರೆಯೇ ಎಂದೂ ನೋಡಿ. ದುಡ್ಡು ಕಟ್ಟಿ ಎಂದ ಕೂಡಲೇ ಪಟ್ಟಿ ತಾನಾಗಿ ಸಣ್ಣದಾಗುತ್ತದೆ.

ಈಗ ಲೈನಿನ ಸಾಮರ್ಥ್ಯ. ಸ್ಥಾವರಗಳ ಸಾಮರ್ಥ್ಯ ಕೂಡಿಸಿ ಅಷ್ಟಕ್ಕೇ ಲೈನ್ ಹಾಕಿದರೆ ದುಡ್ಡು ದಂಡ. ವರ್ಷದ 8,760 ಗಂಟೆಗೂ ಸೌರ, ಪವನ ಉತ್ಪಾದನೆಯನ್ನು ಗಂಟೆಗಂಟೆಗೆ ಕೂಡಿಸಿ, ಒಟ್ಟನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ. ಲೈನಿಗೆ ಪೂರ್ತಿ ಹೊರೆ ಬೀಳುವುದು ಎಷ್ಟು ಗಂಟೆ ಎಂದು ಆಗ ಕಾಣುತ್ತದೆ. ಸಂಜೆ, ರಾತ್ರಿ ಗಾಳಿ ಜೋರಿರುವ ಕಡೆ ಎರಡರ ಗರಿಷ್ಠ ಉತ್ಪಾದನೆ ಒಟ್ಟಿಗೆ ಬರುವುದು ಅಪರೂಪ. ಆ ಕೆಲವೇ ಗಂಟೆಗಳಲ್ಲಿ ಉತ್ಪಾದನೆ ಕಡಿತ ಮಾಡುವುದು, ಅವುಗಳಿಗಾಗಿ ಇನ್ನೊಂದು ಸರ್ಕ್ಯೂಟ್ (ಮೂರು ಫೇಸಿನ ಒಂದು ತಂತಿ ಗುಂಪು) ಕಟ್ಟುವುದಕ್ಕಿಂತ ಅಗ್ಗ. ಕಡಿತದ ಮಿತಿಯನ್ನು ಮಾತ್ರ ಒಪ್ಪಂದದಲ್ಲೇ ಬರೆಯಿರಿ.

ಹೀಗೆ ಲೆಕ್ಕ ಹಾಕಿದ ಮೇಲೆ ಲೈನಿನ ಮೇಲೆ ಬರುವ ಹೊರೆ 3,000 ಮೆಗಾವ್ಯಾಟ್ ಎಂದಿಟ್ಟುಕೊಂಡು, ವೋಲ್ಟೇಜ್ ಆಯ್ಕೆಗೆ ಅದನ್ನು 250 ಕಿ.ಮೀ. ಸಾಗಿಸುವ ಲೆಕ್ಕ ನೋಡಿ. 400 ಕೆವಿಯ ಒಂದು ಸರ್ಕ್ಯೂಟಿನ ಸಹಜ ಹೊರೆ (ಹೊರಗಿನ ಸಹಾಯವಿಲ್ಲದೆ ಲೈನಿನುದ್ದಕ್ಕೂ ವೋಲ್ಟೇಜ್ ಸಮವಾಗಿ ಉಳಿಯುವಷ್ಟು ವಿದ್ಯುತ್) ಸುಮಾರು 500 ಮೆಗಾವ್ಯಾಟ್. ಈ ದೂರಕ್ಕೆ ಅದರ ಒಂದೂವರೆಪಟ್ಟು, ಅಂದರೆ 750ರಷ್ಟು, ಸಾಗಿಸಬಹುದು. ನಾಲ್ಕು ಸರ್ಕ್ಯೂಟ್ ಸಾಕು, ಆದರೆ ಒಂದು ಟ್ರಿಪ್ ಆದರೂ ಉಳಿದವು ತಡೆಯಬೇಕಲ್ಲ, ಹಾಗಾಗಿ ಐದು. ಎರಡೆರಡು ಸರ್ಕ್ಯೂಟ್ ಹೊರುವ ಡಬಲ್ ಸರ್ಕ್ಯೂಟ್ ಟವರಿನಲ್ಲಿ ಮೂರು ಸಾಲು. 765 ಕೆವಿಯಲ್ಲಿ ಸಹಜ ಹೊರೆ 2,200ರ ಸುಮಾರು, ಒಂದೂವರೆಪಟ್ಟೆಂದರೆ 3,300. ಎರಡೇ ಸರ್ಕ್ಯೂಟ್, ಒಂದೇ ಸಾಲು ಟವರ್. ಒಂದು ಸರ್ಕ್ಯೂಟ್ ಟ್ರಿಪ್ ಆದರೂ ಇನ್ನೊಂದು ಪೂರ್ತಿ ಹೊರುತ್ತದೆ. ಕಾರಿಡಾರ್ ಅಗಲವೂ ಅರ್ಧಕ್ಕಿಳಿಯುತ್ತದೆ. ಆದರೆ ಟವರೇ ಉರುಳಿದರೆ ಎರಡೂ ಹೋಗುತ್ತವೆ, ಬಿರುಗಾಳಿಯ ಸೀಮೆಯಲ್ಲಿ ಇದನ್ನು ತೂಗಿ ನೋಡಬೇಕು. ದೂರ 600ರಿಂದ 800 ಕಿ.ಮೀ. ದಾಟಿದರೆ ಡಿಸಿ (ಏಕಮುಖ ವಿದ್ಯುತ್) ಲೈನಿನ ಬೆಲೆಯನ್ನೂ ಕೇಳಿ.

ವಲಯದ ಗ್ರಿಡ್ ಎಷ್ಟು ಗಟ್ಟಿ ಎಂಬುದನ್ನು ಹಲವರು ಮರೆಯುತ್ತಾರೆ. ವಲಯದ ಸ್ಥಾವರಗಳೆಲ್ಲ ಬಂದು ಕೂಡುವ ಪೂಲಿಂಗ್ ಸಬ್‌ಸ್ಟೇಷನ್ನಿನ ಶಾರ್ಟ್ ಸರ್ಕ್ಯೂಟ್ ಮಟ್ಟ (ಗ್ರಿಡ್ಡಿನ ಗಟ್ಟಿತನದ ಅಳತೆ) 6,000 ಎಂವಿಎ (ಮೆಗಾವೋಲ್ಟ್-ಆಂಪಿಯರ್) ಇದ್ದು, ಸ್ಥಾವರದ ವಿದ್ಯುತ್ತನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸುವ ಇನ್ವರ್ಟರುಗಳನ್ನು 3,000 ಮೆಗಾವ್ಯಾಟಿನಷ್ಟು ಜೋಡಿಸಿದರೆ ಅನುಪಾತ ಬರೀ 2. ಮೂರಕ್ಕಿಂತ ಕೆಳಗಿಳಿದರೆ ವೋಲ್ಟೇಜ್ ತೂಗಾಡುತ್ತದೆ, ಸಣ್ಣ ದೋಷಕ್ಕೂ ಸ್ಥಾವರಗಳು ಒಟ್ಟಿಗೆ ಕಳಚಿಕೊಳ್ಳುವ ಅಪಾಯವಿದೆ. ಸಿಂಕ್ರೊನಸ್ ಕಂಡೆನ್ಸರ್ (ವೋಲ್ಟೇಜ್ ಹಿಡಿದಿಡಲು ತಿರುಗುತ್ತಿರುವ ಯಂತ್ರ) ಅಥವಾ ಗ್ರಿಡ್ ಫಾರ್ಮಿಂಗ್ ಇನ್ವರ್ಟರಿನ (ತಾನೇ ವೋಲ್ಟೇಜ್ ರೂಪಿಸುವ ಇನ್ವರ್ಟರ್) ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ.

ಲೈನಿನ ಪೂರ್ತಿ ಖರ್ಚನ್ನು ಮೊದಲು ಬಂದ ಸ್ಥಾವರದ ಮೇಲೆ ಹೊರಿಸಿದರೆ ಯಾರೂ ಮೊದಲು ಬರುವುದಿಲ್ಲ. ಟೆಕ್ಸಾಸ್‌ನಲ್ಲಿ ಅದನ್ನು ಎಲ್ಲ ಬಳಕೆದಾರರಿಗೂ ಹಂಚಿದರು.

ಕಟ್ಟುವಾಗ ಜಮೀನು, ಅಡಿಪಾಯ, ಟವರನ್ನು ಎರಡು ಸರ್ಕ್ಯೂಟಿಗೂ ಆಗುವಂತೆ ಒಂದೇ ಸಲಕ್ಕೆ ಮುಗಿಸಿ, ತಂತಿಯನ್ನು ಮೊದಲು ಒಂದಕ್ಕೆ ಮಾತ್ರ ಎಳೆಯಬಹುದು. ಸಬ್‌ಸ್ಟೇಷನ್ನಿನಲ್ಲಿ ಹೆಚ್ಚಿನ 'ಬೇ'ಗಳಿಗೆ, ಅಂದರೆ ಹೊಸ ಲೈನ್ ಜೋಡಿಸುವ ಅಂಕಣಗಳಿಗೆ, ಜಾಗ ಬಿಡಿ. ಆರು ತಿಂಗಳಿಗೊಮ್ಮೆ ಸ್ಥಾವರಗಳ ದಿನಾಂಕವನ್ನು ಲೈನಿನ ದಿನಾಂಕದ ಪಕ್ಕ ಇಟ್ಟು ನೋಡಿ. ಸ್ಥಾವರ ತಡವಾಗುತ್ತಿದ್ದರೆ ಎರಡನೇ ತಂತಿಯನ್ನು ಮುಂದೂಡಿ, ಅಡಿಪಾಯವನ್ನಲ್ಲ.