ದೋಣಿಗಿಂತ ಮೊದಲು ಪ್ಯಾಡಲ್ ಕೊಂಡೆ

"ಮೊದಲು ಕಯಾಕ್ ತಗೋ, ಪ್ಯಾಡಲ್ ಯಾವುದಾದ್ರೂ ನಡೆಯುತ್ತೆ" ಎಂದು ಜೊತೆಯವರೆಲ್ಲ ಹೇಳಿದ್ದರು. ಕಯಾಕ್ ಅಂದರೆ ಎರಡೂ ತುದಿಗೆ ಚಪ್ಪಟೆ ಬ್ಲೇಡ್ ಇರುವ ಪ್ಯಾಡಲ್‌ನಿಂದ (ಹುಟ್ಟಿನಿಂದ) ಓಡಿಸುವ ಕಿರಿದಾದ ದೋಣಿ. ನಾನು ಉಲ್ಟಾ ಮಾಡಿದೆ. ಕೂಡಿಟ್ಟ ದುಡ್ಡಿನ ಮುಕ್ಕಾಲು ಪಾಲು ಪ್ಯಾಡಲ್ ಮತ್ತು ಲೈಫ್ ಜಾಕೆಟ್ ಎರಡಕ್ಕೇ ಹೋಯಿತು. ದೋಣಿ ಈಗಲೂ ಬಾಡಿಗೆಯದೇ. ಆದರೆ ಅಂದು ನಕ್ಕವರು ಈಗ ನನ್ನ ಪ್ಯಾಡಲ್ ಕೇಳಿ ತಗೊಂಡು ಒಂದು ಸುತ್ತು ಹೋಗಿಬರುತ್ತಾರೆ.

ಬಾಡಿಗೆ ದೋಣಿಯ ಜೊತೆ ಕೊಡುವ ಅಲ್ಯೂಮಿನಿಯಂ ದಂಡದ ಪ್ಯಾಡಲ್ ನಿಮಗೆ ಗೊತ್ತೇ ಇದೆ. 1.2 ಕಿಲೋ ಇರಬಹುದು. ದಡದಲ್ಲಿ ಹಿಡಿದು ನೋಡಿದರೆ ಭಾರ ಅನಿಸುವುದೇ ಇಲ್ಲ. ನಿಮಿಷಕ್ಕೆ 40 ಸಲ ಬೀಸಿದರೂ ಗಂಟೆಗೆ 2400 ಸಲ ಆಯಿತಲ್ವಾ? ನನ್ನ ಫೈಬರ್ ಗ್ಲಾಸ್ ಪ್ಯಾಡಲ್ 850 ಗ್ರಾಂ ಆಸುಪಾಸು. ಆ ವ್ಯತ್ಯಾಸ ಸೇರುತ್ತಾ ಹೋಗಿ ಗಂಟೆಗೆ 800 ಕಿಲೋ ದಾಟುತ್ತದೆ. ಭುಜದ ನೋವು ಅಲ್ಲಿಂದಲೇ ಬರುತ್ತಿತ್ತು. ಕಾರ್ಬನ್ ಇನ್ನೂ ಹಗುರ, ಆದರೆ ಉಳಿದ ಆ ನೂರೈವತ್ತು ಗ್ರಾಂಗೆ ಬೆಲೆ ಸಿಕ್ಕಾಪಟ್ಟೆ ಜಾಸ್ತಿ. ಕಲ್ಲಿರುವ ದಡಕ್ಕೆ ಅದು ಬೇಡ.

ಉದ್ದದಲ್ಲಿ ಅಂಗಡಿಯವನು 240 ಸೆಂ.ಮೀ.ಗೆ ಪಟ್ಟು ಹಿಡಿದ. ನಾನು ಓಡಿಸುವ ದೋಣಿಗಳ ಅಗಲ 60ರ ಹತ್ತಿರ. ಎರವಲು ತಂದ 240ರಲ್ಲಿ ಬ್ಲೇಡ್ ದೋಣಿಯಿಂದ ದೂರ ಬೀಳುತ್ತಿತ್ತು, ಮೂತಿ ಅತ್ತಿತ್ತ ತಿರುಗುತ್ತಿತ್ತು. 220 ತಂದ ಮೇಲೆ ದೋಣಿ ನೆಟ್ಟಗೆ ಓಡಿತು. ದೋಣಿ 70 ದಾಟಿದರೆ ಮಾತ್ರ 230, 240ರ ಮಾತು. ಎರಡು ತುಂಡಿನ ಪ್ಯಾಡಲ್ ಜೋಡಣೆಯಲ್ಲಿ ಮರಳು ಸಿಕ್ಕಿ ಬಿಗಿಯುತ್ತದಲ್ಲ, ಅದಕ್ಕೆ ನನ್ನದೇ ಒಂದು ಉಪಾಯವಿದೆ. ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ.

ನಡುವೆ ಗ್ರೀನ್‌ಲ್ಯಾಂಡ್ ಮಾದರಿಯ ಮರದ ಪ್ಯಾಡಲ್ ಕೂಡ ಕೆತ್ತಿದೆ. ಬ್ಲೇಡ್ ಅಗಲ ಎಂಟೂವರೆ ಸೆಂ.ಮೀ. ಅಷ್ಟೇ. ಮೊದಲನೆಯದು ಗಂಟಿದ್ದ ಕಡೆ ಮುರಿಯಿತು, ಮರದ ದುಡ್ಡು ಹೋಯಿತು. ಗಂಟಿಲ್ಲದ ಹಲಗೆಯ ಎರಡನೆಯದು ಎದುರುಗಾಳಿಯಲ್ಲಿ ಎಷ್ಟು ಚೆನ್ನಾಗಿದೆ ಅಂದರೆ, ಗಾಳಿ ಇರುವ ದಿನ ನಾನು ಅದನ್ನೇ ಒಯ್ಯುತ್ತೇನೆ.

ಲೈಫ್ ಜಾಕೆಟ್ಟನ್ನು ನಿಂತು ಹಾಕಿ ನೋಡಬೇಡಿ. ಕೂತು ನೋಡಿ, ಬೆನ್ನಿನ ಫೋಮ್ ಸೀಟಿಗೆ ತಾಗಿ ಮೇಲೇರಬಾರದು. ಪಟ್ಟಿ ಬಿಗಿದ ಮೇಲೆ ಯಾರಾದರೂ ಜಾಕೆಟ್ಟಿನ ಭುಜ ಹಿಡಿದು ಎತ್ತಲಿ, ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯಲ್ಲ. ಇದರಲ್ಲಿ ಮಾತ್ರ ಹಳೆಯದನ್ನು ಕೊಳ್ಳಲೇಬೇಡಿ.

ಸ್ಪ್ರೇ ಸ್ಕರ್ಟ್, ಅಂದರೆ ದೋಣಿಯೊಳಗೆ ನೀರು ಬರದಂತೆ ಸೊಂಟದ ಸುತ್ತ ಹಾಕುವ ಹೊದಿಕೆ, ಇನ್ನೂ ಕೊಂಡಿಲ್ಲ. ಅದು ಕಾಕ್‌ಪಿಟ್ (ದೋಣಿಯಲ್ಲಿ ಕೂರುವ ಜಾಗ) ಅಂಚಿನ ಅಳತೆಗೆ ಸರಿಯಾಗಿ ಕೂರಬೇಕು. ಸ್ವಂತ ದೋಣಿ ಬಂದ ಮೇಲೆಯೇ ಅದರ ಸರದಿ.